ಮೂಲ ಜರ್ಮಾನಿಕ್ ಪದವೊಂದರ ಹುಟ್ಟನ್ನೂ ಸಂತತಿಯನ್ನೂ ಹುಡುಕುವ ಬಗೆ: *ಫೆಹು

ಮೂಲ ಜರ್ಮಾನಿಕ್ ಭಾಷೆಯಲ್ಲಿ ಬರೆದಿಟ್ಟ ಒಂದು ಪುಟವೂ ನಮಗೆ ಉಳಿದುಬಂದಿಲ್ಲ. ಕ್ರಿಸ್ತಪೂರ್ವ 500ರ ಸುಮಾರಿನಿಂದ ಕ್ರಿಸ್ತಶಕದ ಆರಂಭದವರೆಗೆ ದಕ್ಷಿಣ ಸ್ಕ್ಯಾಂಡಿನೇವಿಯಾದಲ್ಲೂ ಉತ್ತರ ಜರ್ಮನಿಯಲ್ಲೂ ಜನ ಅದನ್ನು ಆಡುತ್ತಿದ್ದರೆಂದು ವಿದ್ವಾಂಸರು ಎಣಿಸುತ್ತಾರೆ. ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್, ಡೇನಿಷ್, ಐಸ್‌ಲ್ಯಾಂಡಿಕ್ ಭಾಷೆಗಳೂ ಈಗ ಅಳಿದುಹೋಗಿರುವ ಗಾಥಿಕ್ ಭಾಷೆಯೂ ಅದರಿಂದಲೇ ಕವಲೊಡೆದವು. ಆ ಭಾಷೆಯ ಪದವನ್ನು ನಿಘಂಟಿನಲ್ಲಿ ಕಂಡಾಗಲೆಲ್ಲ ಅದರ ಮುಂದೆ ಒಂದು ನಕ್ಷತ್ರ ಚಿಹ್ನೆ ಇರುತ್ತದೆ. 19ನೆಯ ಶತಮಾನದಲ್ಲಿ ಜರ್ಮನಿಯ ಔಗುಸ್ಟ್ ಶ್ಲೈಖರ್ ಅವರು ರೂಢಿಗೆ ತಂದ ಈ ಚಿಹ್ನೆ, ಈ ರೂಪ ಯಾವ ಬರಹದಲ್ಲೂ ದೊರೆತಿಲ್ಲ, ಸಾಕ್ಷ್ಯಗಳ ಬಲದಿಂದ ಊಹಿಸಿ ಕಟ್ಟಿದ್ದು ಎಂದು ಸೂಚಿಸುತ್ತದೆ. ಆದ್ದರಿಂದ ನಕ್ಷತ್ರ ಹೊತ್ತ ಪದದ ಪ್ರತಿಯೊಂದು ಧ್ವನಿಗೂ ಸಾಕ್ಷಿ ಯಾವುದು ಎಂದು ಕೇಳುವ ಹಕ್ಕು ಓದುಗನಿಗೆ ಇದೆ, ಉತ್ತರ ಕೊಡುವ ಹೊಣೆ ಅದನ್ನು ಕಟ್ಟಿದವನ ಮೇಲಿದೆ. ಆ ಪ್ರಶ್ನೆಯನ್ನು ಹೇಗೆ ಕೇಳಬೇಕು, ಉತ್ತರವನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ಒಂದೇ ಪದವನ್ನು ಹಿಡಿದು ತೋರಿಸುತ್ತೇನೆ. ಆ ಪದ *ಫೆಹು. ದನಕರು, ಸೊತ್ತು ಎಂದು ಅದರ ಅರ್ಥ.

ಈ ಪದವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಸಂಸ್ಕೃತದ 'ಪಶು' ಇದರ ಜ್ಞಾತಿಪದ, ಎಂದರೆ ಒಂದೇ ಮೂಲದಿಂದ ಇಳಿದ ಪದ, ಆದ್ದರಿಂದ ಸಾಕ್ಷ್ಯದ ಒಂದು ಮುಖ್ಯ ಭಾಗ ಕನ್ನಡಿಗರಿಗೆ ಮೊದಲೇ ಪರಿಚಿತವಾಗಿದೆ. ಲಿಪಿಯ ಬಗ್ಗೆ ಒಂದು ಮಾತು: ಈ ಬರಹದಲ್ಲಿ 'ಫ' ಎಂದು ಬರೆದಲ್ಲೆಲ್ಲ ಅದನ್ನು ಫೋನು, ಫೀಸು ಎನ್ನುವಾಗಿನ ಉಚ್ಚಾರದಂತೆ ಓದಿಕೊಳ್ಳಬೇಕು, ಫಲ ಎನ್ನುವಾಗಿನ ಮಹಾಪ್ರಾಣದಂತೆ ಅಲ್ಲ.

ಮೊದಲ ಕೆಲಸ ಸಾಕ್ಷಿಗಳನ್ನು ಕೂಡಿಸುವುದು. ಇಲ್ಲಿ ಇಂದಿನ ಭಾಷೆಗಳಿಂದ ಆರಂಭಿಸಬಾರದು. ಪ್ರತಿ ಕವಲಿನಲ್ಲೂ ಸಿಗುವ ಅತ್ಯಂತ ಹಳೆಯ ಲಿಖಿತ ರೂಪವನ್ನು ಹುಡುಕಬೇಕು. ಜರ್ಮಾನಿಕ್ ಭಾಷೆಗಳ ಪೂರ್ವದ ಕವಲಿಗೆ ಇರುವ ದೊಡ್ಡ ಆಸರೆ ಗಾಥಿಕ್. ನಾಲ್ಕನೆಯ ಶತಮಾನದಲ್ಲಿ ವುಲ್ಫಿಲಾ ಎಂಬ ಬಿಷಪ್ ಬೈಬಲನ್ನು ಗಾಥಿಕ್ ಭಾಷೆಗೆ ತಂದನು. ಅದರ ಅತ್ಯಂತ ಪ್ರಸಿದ್ಧ ಹಸ್ತಪ್ರತಿ, ನೇರಳೆ ಬಣ್ಣದ ಚರ್ಮಪತ್ರದ ಮೇಲೆ ಬೆಳ್ಳಿ ಮತ್ತು ಚಿನ್ನದ ಶಾಯಿಯಲ್ಲಿ ಬರೆದದ್ದು, ಈಗ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಅಲ್ಲಿ ನಮ್ಮ ಪದ 'ಫೈಹು' ಎಂಬ ಬರಹದಲ್ಲಿ ಸಿಗುತ್ತದೆ. ಪಶ್ಚಿಮದ ಕವಲಿನಲ್ಲಿ ಹಳೆಯ ಇಂಗ್ಲಿಷಿನ 'ಫೆಓಹ್', ಹಳೆಯ ಸ್ಯಾಕ್ಸನ್‌ನ 'ಫೆಹು', ಹಳೆಯ ಹೈ ಜರ್ಮನ್‌ನ 'ಫಿಹು' ಇವೆ. ಉತ್ತರದ ಕವಲಿನಲ್ಲಿ ಸ್ಕ್ಯಾಂಡಿನೇವಿಯಾದ ಹಳೆಯ ನಾರ್ಸ್ ಭಾಷೆಯ 'ಫೇ' ಇದೆ. ಮೂರೂ ಕವಲುಗಳಲ್ಲಿ ಪದ ದೊರೆತರೆ ಅದು ಮೂಲ ಭಾಷೆಯಲ್ಲಿ ಇದ್ದಿತೆಂದು ಹೇಳಲು ಗಟ್ಟಿಯಾದ ಆಧಾರ ಸಿಕ್ಕಂತೆ. ಒಂದೇ ಕವಲಿನಲ್ಲಿ ಸಿಕ್ಕರೆ ಅದು ಅಲ್ಲಿಯೇ ತಡವಾಗಿ ಹುಟ್ಟಿರಬಹುದು, ಅಥವಾ ನೆರೆಯ ಭಾಷೆಯಿಂದ ಬಂದಿರಬಹುದು.

ಇದಕ್ಕೆ ಇನ್ನೊಂದು ಬಗೆಯ ಸಾಕ್ಷ್ಯವೂ ಸೇರಿಕೊಳ್ಳುತ್ತದೆ. ಜರ್ಮಾನಿಕ್ ಜನರ ಹಳೆಯ ಲಿಪಿಯಾದ ರೂನ್ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಹೆಸರಿತ್ತು, ಆ ಹೆಸರು ಬಳಕೆಯ ಒಂದು ಪದವೇ ಆಗಿತ್ತು. ಸ್ವೀಡನ್ನಿನ ಗೋಟ್ಲ್ಯಾಂಡ್ ದ್ವೀಪದ ಕ್ಯುಲ್ವರ್ ಕಲ್ಲಿನ ಮೇಲೆ, ಕ್ರಿಸ್ತಶಕ 400ರ ಸುಮಾರಿನಲ್ಲಿ, ಇಡೀ ರೂನ್ ವರ್ಣಮಾಲೆಯನ್ನು ಕ್ರಮವಾಗಿ ಕೊರೆದಿದ್ದಾರೆ. ಆ ಕ್ರಮದ ಮೊದಲ ಅಕ್ಷರ 'ಫ' ಧ್ವನಿಯದು. ಅಕ್ಷರಗಳ ಹೆಸರುಗಳು ಕಲ್ಲಿನ ಮೇಲೆ ಇಲ್ಲ, ಬಹಳ ಕಾಲದ ನಂತರದ ಹಸ್ತಪ್ರತಿಗಳಿಂದ ತಿಳಿಯುತ್ತವೆ. ಆ ಮೊದಲ ಅಕ್ಷರವನ್ನು ಇಂಗ್ಲೆಂಡಿನವರು 'ಫೆಓಹ್' ಎಂದೂ ನಾರ್ಸ್ ಜನ 'ಫೇ' ಎಂದೂ ಕರೆದರು. ದೂರದ ಎರಡು ನಾಡುಗಳಲ್ಲಿ ಅಕ್ಷರಕ್ಕೆ ಒಂದೇ ಪದ ಹೆಸರಾಗಿ ಉಳಿದಿರುವುದರಿಂದ, ಆ ಪದ ಎರಡೂ ಕಡೆ ಬಹು ಹಳೆಯದೆಂದು ನಂಬಬಹುದು.

ಎರಡನೆಯ ಕೆಲಸ, ಕೂಡಿಸಿದ ರೂಪಗಳನ್ನು ಒಂದರ ಕೆಳಗೊಂದು ಬರೆದು ಧ್ವನಿಗೆ ಧ್ವನಿಯನ್ನು ಹೊಂದಿಸುವುದು. ಮೊದಲ ಧ್ವನಿಯಲ್ಲಿ ತೊಂದರೆಯಿಲ್ಲ, ಎಲ್ಲೆಡೆಯೂ 'ಫ' ಇದೆ. ಆದರೆ ಬರಹವನ್ನು ಕಂಡು ಮೋಸಹೋಗಬಾರದು. ಇಂದಿನ ಜರ್ಮನ್ನಿನಲ್ಲಿ ಈ ಪದವನ್ನು ಇಂಗ್ಲಿಷಿನ 'ವಿ' ಅಕ್ಷರದಿಂದ ಆರಂಭಿಸಿ ಬರೆಯುತ್ತಾರೆ, ಉಚ್ಚರಿಸುವುದು 'ಫೀ' ಎಂದು. ಡಚ್ಚಿನಲ್ಲೂ ಅದೇ ಅಕ್ಷರವಿದೆ, ಅಲ್ಲಿ ಮೊದಲ ಧ್ವನಿ ಘೋಷವಾಗಿ, ಎಂದರೆ ಗಂಟಲು ಕಂಪಿಸುವ ಧ್ವನಿಯಾಗಿ, ಪದ 'ವೇ' ಎಂದಾಗಿದೆ.

ಎರಡನೆಯ ಧ್ವನಿಯಾದ ಸ್ವರದಲ್ಲಿ ನಿಜವಾದ ಕೆಲಸವಿದೆ. ಗಾಥಿಕ್‌ನಲ್ಲಿ ಐ, ಹಳೆಯ ಇಂಗ್ಲಿಷಿನಲ್ಲಿ ಎಓ, ಹಳೆಯ ಹೈ ಜರ್ಮನ್‌ನಲ್ಲಿ ಇ, ಸ್ಯಾಕ್ಸನ್‌ನಲ್ಲಿ ಎ. ಹೆಚ್ಚು ಕಡೆ ಕಂಡದ್ದನ್ನು ಮೂಲವೆಂದು ಎಣಿಸಿ ಬಹುಮತದಿಂದ ತೀರ್ಮಾನಿಸುವ ಹಾಗಿಲ್ಲ. ಯಾವ ಸ್ವರವನ್ನು ಮೂಲವೆಂದು ಹಿಡಿದರೆ ಉಳಿದೆಲ್ಲವನ್ನೂ ಆಯಾ ಭಾಷೆಯ ನಿಯಮಗಳಿಂದ ವಿವರಿಸಬಹುದು ಎಂದು ಕೇಳಬೇಕು. ಮೂಲ 'ಎ' ಎಂದು ಹಿಡಿಯೋಣ. ಗಾಥಿಕ್ ಭಾಷೆಯಲ್ಲಿ ಹಳೆಯ ಎಕಾರವೆಲ್ಲ ಇಕಾರವಾಯಿತು, ಆದರೆ ಹಕಾರ ಮತ್ತು ರಕಾರಗಳಿಗೆ ಮೊದಲು ಬಂದಾಗ ಅದು ಮತ್ತೆ ಹ್ರಸ್ವ ಎಕಾರದಂತೆ ತೆರೆದುಕೊಂಡಿತು. ವುಲ್ಫಿಲಾನ ಬರಹದಲ್ಲಿ ಆ ಧ್ವನಿಯನ್ನು ಸೂಚಿಸುವುದು 'ಐ' ಎಂಬ ಜೋಡಿ ಅಕ್ಷರ. ಎಂದರೆ 'ಫೈಹು' ಎಂದು ಬರೆದದ್ದನ್ನು 'ಫೆಹು' ಎಂದೇ ಓದುತ್ತಿದ್ದರು. ಹಳೆಯ ಇಂಗ್ಲಿಷಿನಲ್ಲಿ ಹಕಾರಕ್ಕೆ ಮೊದಲು ಬಂದ ಎಕಾರ ಒಡೆದು 'ಎಓ' ಆಗುವುದು ನಿಯಮ. ಹಳೆಯ ಹೈ ಜರ್ಮನ್‌ನಲ್ಲಿ ಮುಂದಿನ ಅಕ್ಷರದ ಉಕಾರ ಹಿಂದಿನ ಎಕಾರವನ್ನು ಇಕಾರಕ್ಕೆ ಎಳೆಯುತ್ತದೆ. 'ತೆಗೆದುಕೊಳ್ಳುವುದು' ಎಂಬುದಕ್ಕೆ 'ನೆಮನ್' ಇದ್ದರೂ 'ತೆಗೆದುಕೊಳ್ಳುತ್ತೇನೆ' ಎಂಬುದಕ್ಕೆ 'ನಿಮು' ಎನ್ನುವುದನ್ನು ಗಮನಿಸಬಹುದು. ಹೀಗೆ ಎಕಾರದಿಂದ ಹೊರಟರೆ ಎಲ್ಲ ರೂಪಗಳಿಗೂ ದಾರಿ ಸಿಗುತ್ತದೆ.

ಕೊನೆಯ ಉಕಾರ ಗಾಥಿಕ್, ಸ್ಯಾಕ್ಸನ್, ಹೈ ಜರ್ಮನ್ ಮೂರರಲ್ಲೂ ನಿಂತಿದೆ. ಲಿಂಗವನ್ನು ಕೂಡ ಮರೆಯದೆ ಗುರುತುಮಾಡಿಕೊಳ್ಳಬೇಕು: ಎಲ್ಲ ಹಳೆಯ ಜರ್ಮಾನಿಕ್ ಭಾಷೆಗಳಲ್ಲೂ ಇದು ನಪುಂಸಕಲಿಂಗ, ಇಂದಿನ ಜರ್ಮನ್ ಮತ್ತು ಡಚ್ಚಿನಲ್ಲೂ ಹಾಗೆಯೇ. ಮೂಲ ಜರ್ಮಾನಿಕ್‌ನ ಪುಲ್ಲಿಂಗ ಪದಗಳ ಕೊನೆಯಲ್ಲಿ ಬರುತ್ತಿದ್ದ ಜಕಾರದಂಥ ಪ್ರತ್ಯಯವನ್ನು ಇಲ್ಲಿ ಸೇರಿಸದಿರಲು ಇದೇ ಕಾರಣ. 'ರಾಜ' ಎಂಬ ಅರ್ಥದ *ಕುನಿಂಗಜ್ ಪದದಲ್ಲಿ ಆ ಪ್ರತ್ಯಯವಿದೆ, ಅದಕ್ಕೆ ಚಂದದ ಹೊರಗಿನ ಸಾಕ್ಷಿಯೂ ಇದೆ: ಬೇರೆಯೇ ಭಾಷಾಕುಟುಂಬಕ್ಕೆ ಸೇರಿದ ಫಿನ್ನಿಷ್ ಭಾಷೆ ಬಹು ಹಿಂದೆ ಆ ಪದವನ್ನು ಎರವಲು ಪಡೆದು ಇಂದಿಗೂ 'ಕುನಿಂಗಸ್' ಎಂದೇ ಉಳಿಸಿಕೊಂಡಿದೆ. ಜರ್ಮಾನಿಕ್ ಮಕ್ಕಳು ಕಳೆದುಕೊಂಡದ್ದನ್ನು ನೆರೆಮನೆಯವರು ಕಾಪಾಡಿದ ಇಂಥ ಎರವಲುಗಳನ್ನು ಹುಡುಕುವುದು ಯಾವ ಪದದ ವಿಷಯದಲ್ಲೂ ಲಾಭಕರ.

ನಡುವಿನ ಹಕಾರವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ, ಏಕೆಂದರೆ ಅದನ್ನು ಅರಿಯಲು ಜರ್ಮಾನಿಕ್ ಕುಟುಂಬದ ಹೊರಕ್ಕೆ ಹೋಗಬೇಕು. ಮೂರನೆಯ ಕೆಲಸ ಇದೇ: ಪದದ ಇಂಡೋ-ಯುರೋಪಿಯನ್ ಮೂಲವನ್ನು, ಎಂದರೆ ಸಂಸ್ಕೃತ, ಲ್ಯಾಟಿನ್, ಜರ್ಮಾನಿಕ್ ಭಾಷೆಗಳಿಗೆಲ್ಲ ತಾಯಿಯಾದ ಭಾಷೆಯಲ್ಲಿದ್ದ ರೂಪವನ್ನು, ಹುಡುಕುವುದು. ಇಲ್ಲಿ ಕೈಹಿಡಿಯುವುದು ಧ್ವನಿ ನಿಯಮ. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ 1818ರಲ್ಲಿ ಗಮನಿಸಿದ್ದನ್ನು ಯಾಕೋಬ್ ಗ್ರಿಮ್ 1822ರಲ್ಲಿ ವ್ಯವಸ್ಥಿತವಾಗಿ ನಿರೂಪಿಸಿದರು. ಅದಕ್ಕೆ ಗ್ರಿಮ್ ನಿಯಮವೆಂದೇ ಹೆಸರು. ಅದರ ಒಂದು ಭಾಗದ ಪ್ರಕಾರ ಮೂಲದ ಪ, ತ, ಕ ಧ್ವನಿಗಳು ಜರ್ಮಾನಿಕ್‌ನಲ್ಲಿ ಕ್ರಮವಾಗಿ ಫ, ಥ, ಹ ಎಂಬ ಘರ್ಷ ಧ್ವನಿಗಳಾದವು, ಎಂದರೆ ಉಸಿರು ಉಜ್ಜಿಕೊಂಡು ಹೊರಡುವ ಧ್ವನಿಗಳಾದವು. ಸಂಸ್ಕೃತದ ಪಾದ, ಪಂಚ ಪದಗಳ ಎದುರು ಗಾಥಿಕ್‌ನ 'ಫೋತುಸ್', 'ಫಿಮ್ಫ್' ಬರುತ್ತವೆ. ಮೂಲದ ಒಂದು ಬಗೆಯ ತಾಲವ್ಯ ಕಕಾರ ಸಂಸ್ಕೃತದಲ್ಲಿ ಶಕಾರವಾಯಿತು, ಲ್ಯಾಟಿನ್‌ನಲ್ಲಿ ಕಕಾರವಾಗಿಯೇ ಉಳಿಯಿತು, ಜರ್ಮಾನಿಕ್‌ನಲ್ಲಿ ಹಕಾರವಾಯಿತು: ಸಂಸ್ಕೃತ ದಶ, ಲ್ಯಾಟಿನ್ 'ದೆಕೆಮ್', ಗಾಥಿಕ್ 'ತೈಹುನ್'. ಇದೇ ಅಳತೆಯಲ್ಲಿ ಸಂಸ್ಕೃತ ಪಶು, ಲ್ಯಾಟಿನ್ 'ಪೆಕು', ಜರ್ಮಾನಿಕ್ *ಫೆಹು ಮೂರನ್ನೂ ಇಟ್ಟು ನೋಡಿದರೆ ಪಕಾರಕ್ಕೆ ಫಕಾರ, ಶಕಾರಕ್ಕೆ ಹಕಾರ, ಉಕಾರಕ್ಕೆ ಉಕಾರ ಸರಿಯಾಗಿ ಕೂಡುತ್ತವೆ. ಸಂಸ್ಕೃತದಲ್ಲಿ ಹಳೆಯ ಎಕಾರ ಅಕಾರವಾಗಿರುವುದರಿಂದ ಮೊದಲ ಸ್ವರದ ಮಟ್ಟಿಗೆ ಲ್ಯಾಟಿನ್ ಸಾಕ್ಷಿಯೇ ಮೇಲು.

ಕನ್ನಡಿಗರಿಗೆ ಇಂಥ ನಿಯಮ ಹೊಸದಲ್ಲ. ಹಳಗನ್ನಡದ ಪಾಲ್, ಪುಲಿ, ಪೂ ಪದಗಳು ಹಾಲು, ಹುಲಿ, ಹೂ ಆದದ್ದು ಇಂಥದೇ ಸಾರಾಸಗಟಾದ ಬದಲಾವಣೆಯಿಂದ. ಪಶುವಿನ ತದ್ಭವ ರೂಪ ಆ ಬದಲಾವಣೆಗೆ ಒಳಗಾಗಿ 'ಹಸು' ಆಯಿತು, ಪಂಡಿತರ ಬಳಕೆಯಲ್ಲಿ ಸಂಸ್ಕೃತದ ರೂಪದಲ್ಲೇ ನಿಂತ 'ಪಶು' ಪಕಾರವನ್ನು ಉಳಿಸಿಕೊಂಡಿತು. ಇಂಗ್ಲಿಷಿನಲ್ಲೂ ಹಣಕ್ಕೆ ಸಂಬಂಧಿಸಿದ್ದು ಎಂಬ ಅರ್ಥದ 'ಪೆಕ್ಯೂನಿಯರಿ' ಲ್ಯಾಟಿನ್‌ನಿಂದ ತಡವಾಗಿ ಬಂದದ್ದರಿಂದಲೇ ಅದರ ಪಕಾರ ಫಕಾರವಾಗಿಲ್ಲ. ಆದರೆ ಒಂದು ಎಚ್ಚರ ಬೇಕು. ಕನ್ನಡದ ಪಕಾರ ಹಕಾರವಾದದ್ದಕ್ಕೂ ಜರ್ಮಾನಿಕ್‌ನ ಪಕಾರ ಫಕಾರವಾದದ್ದಕ್ಕೂ ಯಾವ ನಂಟೂ ಇಲ್ಲ. ನಡುವೆ ಸಾವಿರಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಕನ್ನಡ ದ್ರಾವಿಡ ಭಾಷೆಯಾದ್ದರಿಂದ ಹಸು, ಪಶು ಎರಡೂ ಸಂಸ್ಕೃತದಿಂದ ಪಡೆದವು. ಜ್ಞಾತಿಪದಗಳ ಪಟ್ಟಿಯಲ್ಲಿ ಸಂಸ್ಕೃತದ ಪಶುವಿಗೆ ಸ್ಥಾನವುಂಟು, ಕನ್ನಡದ ಹಸುವಿಗೆ ಇಲ್ಲ.

ಈಗ ಹಕಾರಕ್ಕೆ ಬರೋಣ. ಗ್ರಿಮ್ ನಿಯಮಕ್ಕೆ ಹೊಂದದ ಪದಗಳ ಒಂದು ದೊಡ್ಡ ಗುಂಪು ವಿದ್ವಾಂಸರನ್ನು ಐವತ್ತು ವರ್ಷ ಕಾಡಿತು. ಹಕಾರ ಬರಬೇಕಾದಲ್ಲಿ ಕೆಲವೊಮ್ಮೆ ಗಕಾರ ಬರುತ್ತಿತ್ತು, ಥಕಾರ ಬರಬೇಕಾದಲ್ಲಿ ದಕಾರ ಬರುತ್ತಿತ್ತು. ಡೆನ್ಮಾರ್ಕಿನ ಕಾರ್ಲ್ ವೆರ್ನರ್ 1875ರಲ್ಲಿ ಬರೆದು 1877ರಲ್ಲಿ ಅಚ್ಚಾದ ಲೇಖನವೊಂದರಲ್ಲಿ ಇದನ್ನು ಬಿಡಿಸಿದರು. ಬಿಡಿಸಲು ಬೇಕಾದ ಕೀಲಿ ವೈದಿಕ ಸಂಸ್ಕೃತದ ಉದಾತ್ತದಲ್ಲಿ, ಎಂದರೆ ಪದದ ಒಂದು ಅಕ್ಷರವನ್ನು ಎತ್ತಿದ ದನಿಯಲ್ಲಿ ಉಚ್ಚರಿಸುವುದರಲ್ಲಿ, ಇತ್ತು. ಘರ್ಷ ಧ್ವನಿಯ ಹಿಂದಿನ ಅಕ್ಷರದ ಮೇಲೆ ಉದಾತ್ತವಿದ್ದರೆ ಅದು ಅಘೋಷವಾಗಿಯೇ ಉಳಿಯಿತು, ಉದಾತ್ತ ಬೇರೆಡೆ ಇದ್ದರೆ ಘೋಷವಾಯಿತು. ಮಾವ ಮತ್ತು ಅತ್ತೆಗೆ ಇರುವ ಸಂಸ್ಕೃತ ಪದಗಳನ್ನೇ ನೋಡಿ. 'ಶ್ವಶುರ' ಪದದಲ್ಲಿ ಉದಾತ್ತ ಮೊದಲ ಅಕ್ಷರದ ಮೇಲಿದೆ; ಹಳೆಯ ಹೈ ಜರ್ಮನ್‌ನಲ್ಲಿ ಮಾವನಿಗೆ 'ಸ್ವೆಹುರ್', ಹಕಾರ ಉಳಿದಿದೆ. 'ಶ್ವಶ್ರೂ' ಪದದಲ್ಲಿ ಉದಾತ್ತ ಕೊನೆಯ ಅಕ್ಷರದ ಮೇಲಿದೆ. ಅದೇ ಭಾಷೆಯಲ್ಲಿ ಅತ್ತೆಗೆ 'ಸ್ವಿಗರ್', ಗಕಾರ ಬಂದಿದೆ. ಇಂದಿಗೂ ಜರ್ಮನ್ನರು ಅತ್ತೆಯನ್ನು 'ಶ್ವೀಗರ್‌ಮುಟ್ಟರ್' ಎನ್ನುವಾಗ ಆ ಗಕಾರ ಕೇಳಿಸುತ್ತದೆ. ಜರ್ಮಾನಿಕ್ ಭಾಷೆಗಳಲ್ಲಿ ಆ ಹಳೆಯ ಉದಾತ್ತ ಅಳಿದು ಎರಡು ಸಾವಿರ ವರ್ಷ ಕಳೆದರೂ ಅದು ಎಲ್ಲಿತ್ತೆಂಬುದನ್ನು ಈ ಒಂದು ವ್ಯಂಜನ ಹೇಳುತ್ತದೆ. ಭಾಷಾಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ಸಾಕ್ಷ್ಯ ಕಡಿಮೆ ಎಂದೇ ನನ್ನ ಅಭಿಪ್ರಾಯ.

ಇದನ್ನು ನಮ್ಮ ಪದಕ್ಕೆ ಅನ್ವಯಿಸಿದರೆ ಒಂದು ತೊಡಕು ಎದುರಾಗುತ್ತದೆ. ವೇದದಲ್ಲಿ ಸಾಮಾನ್ಯವಾಗಿ ಸಿಗುವ 'ಪಶು' ಪುಲ್ಲಿಂಗದ್ದು, ಅದು ಅಂತೋದಾತ್ತ, ಎಂದರೆ ಉದಾತ್ತ ಕೊನೆಯ ಅಕ್ಷರದ ಮೇಲಿದೆ. ಅದರಂತೆ ಜರ್ಮಾನಿಕ್‌ನಲ್ಲಿ 'ಫೆಗು' ಎಂದು ಬರಬೇಕಿತ್ತು. ಆದರೆ ಋಗ್ವೇದದ ಮೂರನೆಯ ಮಂಡಲದ 53ನೆಯ ಸೂಕ್ತದ 23ನೆಯ ಮಂತ್ರದಲ್ಲಿ ಇದೇ ಪದ ನಪುಂಸಕಲಿಂಗದಲ್ಲಿ, ಆದ್ಯುದಾತ್ತವಾಗಿ, ಎಂದರೆ ಉದಾತ್ತ ಮೊದಲ ಅಕ್ಷರದ ಮೇಲಿದ್ದು, ಬರುತ್ತದೆ. ಲಿಂಗದಲ್ಲೂ ಉದಾತ್ತದ ಸ್ಥಾನದಲ್ಲೂ ಜರ್ಮಾನಿಕ್ ಪದಕ್ಕೆ ಸರಿಜೋಡಿಯಾಗುವುದು ಆ ಅಪರೂಪದ ರೂಪ. ಲ್ಯಾಟಿನ್‌ನ 'ಪೆಕು' ಕೂಡ ನಪುಂಸಕವೇ. ಆದ್ದರಿಂದ ಮೂಲದಲ್ಲಿ ಉದಾತ್ತ ಮೊದಲ ಅಕ್ಷರದ ಮೇಲಿದ್ದ *ಪೆಕು ಎಂಬ ನಪುಂಸಕ ಪದವನ್ನು ಊಹಿಸುತ್ತಾರೆ. ಈ ವಾದಕ್ಕೆ ಗಾಥಿಕ್ ಒಂದನ್ನೇ ಆಧಾರ ಮಾಡಿಕೊಳ್ಳಬಾರದು. ಗಾಥಿಕ್ ಭಾಷೆ ವೆರ್ನರ್ ತೋರಿಸಿದ ವ್ಯತ್ಯಾಸವನ್ನು ಅನೇಕ ಕಡೆ ಅಳಿಸಿ ಸಮ ಮಾಡಿಬಿಟ್ಟಿದೆ. ಅಲ್ಲಿ ಮಾವ 'ಸ್ವೈಹ್ರಾ' ಆದರೆ ಅತ್ತೆ ಕೂಡ 'ಸ್ವೈಹ್ರೋ'. ಹಳೆಯ ಇಂಗ್ಲಿಷ್ ಮತ್ತು ಹೈ ಜರ್ಮನ್ ಸಾಕ್ಷಿಗಳಲ್ಲೂ ಹಕಾರವೇ ಇರುವುದರಿಂದ ಮಾತ್ರ ನಾವು ನಿಶ್ಚಿಂತೆಯಿಂದ ಹಕಾರವನ್ನು ಬರೆಯಬಹುದು.

ಹೊಂದದ ಸಾಕ್ಷಿಯನ್ನು ಮುಚ್ಚಿಡಬಾರದು. ಲಿಥುವೇನಿಯನ್ ಭಾಷೆಯಲ್ಲಿ ಈ ಮೂಲದ ಪದ 'ಪೆಕುಸ್' ಎಂದಿದೆ. ಆ ಭಾಷೆಯ ನಿಯಮದಂತೆ ಅಲ್ಲಿ ಶಕಾರದಂಥ ಧ್ವನಿ ಬರಬೇಕಿತ್ತು, ಬಂದಿರುವುದು ಕಕಾರ. ಅದು ನೆರೆಯ ಯಾವುದೋ ಭಾಷೆಯಿಂದ ಬಂದ ಎರವಲೆಂದು ಕೆಲವರ ಸಂಶಯ. ಇಂಥದ್ದನ್ನು ಪಟ್ಟಿಯಲ್ಲಿ ಬರೆದು, ಪಕ್ಕದಲ್ಲಿ ಆಕ್ಷೇಪವನ್ನೂ ಬರೆಯುವುದು ಸರಿಯಾದ ಕ್ರಮ.

ಧ್ವನಿಗಳ ಕೆಲಸ ಮುಗಿದ ಮೇಲೆಯೇ ಅರ್ಥಕ್ಕೆ ಕೈಹಾಕಬೇಕು. ಅರ್ಥ ಸಡಿಲವಾದ ಸಾಕ್ಷಿ, ಮನಸ್ಸಿಗೆ ಒಪ್ಪಿದ ಕಡೆಗೆಲ್ಲ ಅದು ಬಾಗುತ್ತದೆ. ಗಾಥಿಕ್ ಬೈಬಲಿನಲ್ಲಿ 'ಫೈಹು' ಹಣಕ್ಕೂ ಆಸ್ತಿಗೂ ಬಳಕೆಯಾಗಿದೆ: ಮಾರ್ಕನ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ ಯೂದನಿಗೆ ಕೊಡುತ್ತೇವೆಂದು ಯಾಜಕರು ಮಾತು ಕೊಡುವುದು 'ಫೈಹು'ವನ್ನೇ, ಗ್ರೀಕ್ ಮೂಲದಲ್ಲಿ ಅಲ್ಲಿ ಇರುವುದು ಬೆಳ್ಳಿ ಎಂಬ ಪದ. ಜರ್ಮನ್ನಿನ 'ಫೀ' ದನಕರುಗಳಿಗೆ ಮಾತ್ರ. ಹಳೆಯ ಇಂಗ್ಲಿಷ್ ಮತ್ತು ನಾರ್ಸ್‌ನಲ್ಲಿ ಎರಡೂ ಅರ್ಥಗಳಿವೆ. ಹೀಗಾಗಿ ಮೂಲ ಜರ್ಮಾನಿಕ್ ಮಟ್ಟದಲ್ಲಿ ಎರಡನ್ನೂ ಕೊಡುವುದು ಕ್ಷೇಮ. ಇನ್ನೂ ಹಿಂದಕ್ಕೆ ಹೋದರೆ ವಿವಾದವಿದೆ. ಲ್ಯಾಟಿನ್‌ನಲ್ಲಿ ಹಣಕ್ಕೆ 'ಪೆಕೂನಿಯಾ' ಎಂಬ ಹೆಸರು ಬಂದದ್ದು ದನಕರುಗಳಿಂದ ಎಂದು ಪ್ರಾಚೀನ ರೋಮಿನ ವಿದ್ವಾಂಸ ವಾರೋ ಆಗಲೇ ಬರೆದಿದ್ದನು. ಉಣ್ಣೆಯನ್ನು ಬಾಚುವುದು ಎಂಬ ಅರ್ಥದ ಧಾತುವಿಗೆ ಇದನ್ನು ಜೋಡಿಸಿ, ಮೊದಲು ಕುರಿ, ಆಮೇಲೆ ಸೊತ್ತು ಎಂದು ಹಲವರು ವಿವರಿಸಿದರು. ಫ್ರಾನ್ಸಿನ ಎಮಿಲ್ ಬೆನ್‌ವೆನಿಸ್ತ್ 1969ರಲ್ಲಿ ಇದನ್ನು ತಿರುಗುಮುರುಗು ಮಾಡಿ, ಮೂಲದ ಅರ್ಥ ಚರಸೊತ್ತು, ದನಕರು ಎಂಬುದು ನಂತರದ ಸಂಕೋಚ ಎಂದು ವಾದಿಸಿದರು. ಇಂಥಲ್ಲಿ ಎರಡೂ ಪಕ್ಷಗಳನ್ನು ದಾಖಲಿಸಿ ಮುಂದೆ ಸಾಗುವುದೇ ಒಳ್ಳೆಯದು.

ಇನ್ನು ಸಂತತಿಯ ಕಡೆಗೆ ಇಳಿಯುವ ಕೆಲಸ. ಇಲ್ಲಿ ಎರಡು ಪಟ್ಟಿಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು: ಬಾಯಿಂದ ಬಾಯಿಗೆ, ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದವು ಒಂದು, ಎರವಲಾಗಿ ಸುತ್ತಿ ಬಂದವು ಇನ್ನೊಂದು. ಮೊದಲ ಪಟ್ಟಿ ಸುಲಭ. ಜರ್ಮನ್ 'ಫೀ', ಡಚ್ 'ವೇ', ಸ್ವೀಡಿಷ್, ಡೇನಿಷ್, ನಾರ್ವೇಜಿಯನ್ ರೂಪಗಳು, ಐಸ್‌ಲ್ಯಾಂಡಿಕ್ 'ಫ್ಯೆ'. ಐಸ್‌ಲ್ಯಾಂಡಿನಲ್ಲಿ ಇದೇ ಪದ ಕುರಿಗಳಿಗೂ ಹಣಕ್ಕೂ ಇಂದಿಗೂ ನಡೆಯುತ್ತದೆ. ಡೇನಿಷ್ ಮತ್ತು ಸ್ವೀಡಿಷ್‌ನಲ್ಲಿ ಅದು ಪೆದ್ದನನ್ನು ಬೈಯುವ ಮಾತಾಗಿಯೂ ಇದೆ.

ಎರಡನೆಯ ಪಟ್ಟಿಯಲ್ಲಿ ಎಡವುವವರು ಹೆಚ್ಚು. ಇಂಗ್ಲಿಷಿನ 'ಫೀ', ಎಂದರೆ ಶುಲ್ಕ, ಉಚ್ಚಾರದಲ್ಲಿ ಜರ್ಮನ್ನಿನ 'ಫೀ'ಯಂತೆಯೇ ಇದೆ. ಹಳೆಯ ಇಂಗ್ಲಿಷಿನಲ್ಲಿ 'ಫೆಓಹ್' ಇದ್ದೇ ಇತ್ತು, ಆದ್ದರಿಂದ ನೇರ ಸಂತತಿಯೆಂದು ಬರೆದುಬಿಡುವ ಆಸೆಯಾಗುವುದು ಸಹಜ. ಆದರೆ ಶುಲ್ಕದ ಅರ್ಥ ಬಂದ ದಾರಿ ಬೇರೆ. ಉತ್ತರ ಗಾಲ್ ಪ್ರದೇಶವನ್ನು, ಎಂದರೆ ಇಂದಿನ ಫ್ರಾನ್ಸಿನ ಉತ್ತರ ಭಾಗವನ್ನು, ಆಳಿದ ಫ್ರಾಂಕರೆಂಬ ಜರ್ಮಾನಿಕ್ ಜನರ ಭಾಷೆಯಲ್ಲಿ *ಫೆಹು ಪದ ಇನ್ನೊಂದು ಪದದೊಂದಿಗೆ ಸಮಾಸಗೊಂಡು ಹಳೆಯ ಫ್ರೆಂಚಿಗೆ ಹೋಗಿ, ಸೇವೆಗೆ ಪ್ರತಿಯಾಗಿ ಒಡೆಯನಿಂದ ಪಡೆದ ಭೂಮಿ ಎಂಬ ಅರ್ಥದ 'ಫಿಯೆಫ್' ಆಯಿತೆಂಬುದು ಹೆಚ್ಚು ವಿದ್ವಾಂಸರ ಮತ. ಸಮಾಸದ ಎರಡನೆಯ ಪದ ಯಾವುದೆಂಬ ಬಗ್ಗೆ ಒಮ್ಮತವಿಲ್ಲ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಫ್ರೆಂಚಿನ ಮೂಲಕ ಆ ಪದ 'ಫೀ' ಎಂಬ ರೂಪದಲ್ಲಿ ಇಂಗ್ಲಿಷನ್ನು ಸೇರಿತು. ಭೂಮಿಯ ಹಿಡುವಳಿಯಿಂದ ಹುದ್ದೆಗೆ ಅಂಟಿದ ಹಕ್ಕು, ಹಕ್ಕಿನಿಂದ ಅಧಿಕಾರಿಗೆ ಸಲ್ಲಬೇಕಾದ ಹಣ, ಅಲ್ಲಿಂದ ವಕೀಲರಿಗೂ ಶಾಲೆಗೂ ಕಟ್ಟುವ ಶುಲ್ಕ ಎಂದು ಅರ್ಥ ಸಾಗಿತು. ಆ ಪದದ ಬಹುವಚನವೇ ನಮ್ಮ 'ಫೀಸು'. ಊಳಿಗಮಾನ್ಯಕ್ಕೆ ಇಂಗ್ಲಿಷಿನಲ್ಲಿರುವ 'ಫ್ಯೂಡಲ್' ಕೂಡ ಇದೇ ಸಮಾಸದ ಲ್ಯಾಟಿನ್ ರೂಪದಿಂದ ಬಂದದ್ದು. ಹಗೆತನ ಎಂಬ ಅರ್ಥದ 'ಫ್ಯೂಡ್' ಮಾತ್ರ ಬೇರೆ ಪದ, ಅದನ್ನು ಇಲ್ಲಿ ಸೇರಿಸಬಾರದು.

ಇನ್ನೊಂದು ಎರವಲು ಉತ್ತರದಿಂದ ಬಂತು. ನಾರ್ಸ್ ಭಾಷೆಯಲ್ಲಿ ಸೊತ್ತನ್ನು ಒಟ್ಟಿಗೆ ಹೂಡಿ ಮಾಡಿಕೊಂಡ ಪಾಲುದಾರಿಕೆಗೆ 'ಫೇಲಗ್' ಎಂದೂ ಪಾಲುದಾರನಿಗೆ 'ಫೇಲಗಿ' ಎಂದೂ ಹೆಸರು. ವೈಕಿಂಗರು ಇಂಗ್ಲೆಂಡಿನಲ್ಲಿ ನೆಲೆಸಿದ ಕಾಲದಲ್ಲಿ ಅದು ಹಳೆಯ ಇಂಗ್ಲಿಷಿಗೆ ಬಂದು, ಕಾಲಕ್ರಮೇಣ 'ಫೆಲೋ' ಆಯಿತು. ವಿಶ್ವವಿದ್ಯಾಲಯದ ಫೆಲೋಶಿಪ್ಪಿನಲ್ಲಿ ಇರುವುದು ಅದೇ. ಹೀಗೆ ಕನ್ನಡದಲ್ಲಿ ಇಂದು ಬಳಕೆಯಲ್ಲಿರುವ ಪಶು, ಹಸು, ಫೀಸು, ಫೆಲೋಶಿಪ್ ನಾಲ್ಕೂ ಒಂದೇ ಮೂಲಕ್ಕೆ ಹೋಗಿ ಮುಟ್ಟುತ್ತವೆ, ನಾಲ್ಕೂ ಎರವಲೇ, ನಾಲ್ಕೂ ಬಂದ ದಾರಿಗಳು ಬೇರೆ.

ಕೊನೆಗೆ ಬರೆದುಕೊಳ್ಳುವ ಕ್ರಮ. ಊಹಿಸಿದ ರೂಪಕ್ಕೆ ನಕ್ಷತ್ರವನ್ನು ತಪ್ಪದೆ ಹಾಕಿ, ದೊರೆತ ರೂಪಕ್ಕೆ ಎಂದೂ ಹಾಕಬೇಡಿ. ಪ್ರತಿ ರೂಪದ ಪಕ್ಕದಲ್ಲಿ ಭಾಷೆ, ಲಿಂಗ, ಅರ್ಥ, ಸಾಧ್ಯವಾದರೆ ಶತಮಾನವನ್ನೂ ನಮೂದಿಸಿ. ಇಳಿದು ಬಂದದ್ದಕ್ಕೆ ಒಂದು ಬಗೆಯ ಬಾಣ, ಎರವಲಿಗೆ ಇನ್ನೊಂದು ಬಗೆಯ ಬಾಣ ಬಳಸಿ. ಅಂತರ್ಜಾಲದ ಬಳಕೆದಾರರೇ ಬೆಳೆಸುವ ನಿಘಂಟುಗಳು ಸಾಕ್ಷಿಗಳನ್ನು ಬೇಗ ಕೂಡಿಸಲು ಉಪಯುಕ್ತ, ಆದರೆ ತೀರ್ಮಾನಕ್ಕೆ ಮುನ್ನ ಜರ್ಮನ್ ಪದಗಳಿಗೆ ಫ್ರೀಡ್ರಿಖ್ ಕ್ಲೂಗೆ 1883ರಲ್ಲಿ ಆರಂಭಿಸಿ ಇಂದಿಗೂ ಪರಿಷ್ಕರಣೆಯಾಗುತ್ತ ಬಂದಿರುವ ನಿಘಂಟನ್ನೂ, ಮೂಲ ಜರ್ಮಾನಿಕ್‌ಗೆ ಗೂಸ್ ಕ್ರೋನೆನ್ ಅವರ 2013ರ ನಿಘಂಟನ್ನೂ ತೆರೆದು ನೋಡಬೇಕು. ಬರೆದಾದ ಮೇಲೆ *ಫೆಹು ರೂಪದಿಂದ ಹೊರಟು, ಪ್ರತಿ ಭಾಷೆಯ ಧ್ವನಿ ಬದಲಾವಣೆಗಳನ್ನು ನಡೆದ ಕ್ರಮದಲ್ಲೇ ಅನ್ವಯಿಸುತ್ತ ಕೆಳಕ್ಕೆ ಇಳಿಯಿರಿ. ನಾರ್ಸ್‌ನಲ್ಲಿ ಸ್ವರಗಳ ನಡುವಿನ ಹಕಾರ ಬಿದ್ದು, ಉಳಿದವು ಕೂಡಿಕೊಂಡು 'ಫೇ' ಬರಬೇಕು. ಹಳೆಯ ಇಂಗ್ಲಿಷಿನಲ್ಲಿ ಎಕಾರ ಒಡೆದು 'ಫೆಓಹ್' ಬರಬೇಕು, ಅಲ್ಲಿ ಕೊನೆಯ ಉಕಾರ ಇಲ್ಲದಿರುವುದಕ್ಕೆ ಪದ ಬೇರೊಂದು ವಿಭಕ್ತಿ ವರ್ಗವನ್ನು ಸೇರಿದ್ದು ಕಾರಣವೆಂಬ ಟಿಪ್ಪಣಿಯೂ ಇರಬೇಕು. ಎಲ್ಲಿ ಲೆಕ್ಕ ತಪ್ಪುತ್ತದೋ ಅಲ್ಲಿ ಮತ್ತೆ ಸಾಕ್ಷಿಗಳ ಬಳಿಗೆ ಹಿಂದಿರುಗಿ. ಮುಂದಿನ ಅಭ್ಯಾಸಕ್ಕೆ ಮಾವ ಮತ್ತು ಅತ್ತೆಯ ಜೋಡಿಯನ್ನೇ ತೆಗೆದುಕೊಳ್ಳಬಹುದು. ಸಂಸ್ಕೃತದ ರೂಪಗಳು ಕೈಯಲ್ಲಿವೆ, ಉದಾತ್ತದ ಸ್ಥಾನ ಗೊತ್ತಿದೆ, ಹಳೆಯ ಇಂಗ್ಲಿಷಿನ ರೂಪಗಳಲ್ಲಿ ಹಕಾರ ಗಕಾರಗಳ ಗತಿ ಏನಾಯಿತೆಂದು ಹುಡುಕುವುದಷ್ಟೇ ಬಾಕಿ.